ಸಾಧುವಾದ ದೊಡ್ಡಪ್ಪ

ಮುಪ್ಪು ಮನುಷ್ಯನಿಗೆ ಶಾಂತಿಯನ್ನು ತರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಅವರು ಯಾರೂ ನಮ್ಮ ಮನೆಯ ಜಗಲಿಯಲ್ಲಿ ಒಂದು ಭಾನುವಾರ ಕಳೆದವರಲ್ಲ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಹಸು ಮಾರುತ್ತಿದ್ದರು. ಕೊಳ್ಳಲು ಬಂದವನಿಗೆ, "ಬಾರೀ ಸಾಧು, ಮಕ್ಕ ಬಾಲ ಎಳೆದ್ರೂ ತಿರುಗಿ ನೋಡುದಿಲ್ಲೆ" ಎಂದರು. ಹಸುವನ್ನು ನೋಡಿದೆ. ಅದು ಬೇಲಿಯ ಕಡೆ ಮುಖ ಮಾಡಿ ನಿಂತಿತ್ತು. ಮುಂದಿಟ್ಟ ಹುಲ್ಲು ಹಾಗೇ ಇತ್ತು. ನನಗೆ ದೊಡ್ಡಪ್ಪನ ನೆನಪಾಯಿತು. ಹಿರಿಯರನ್ನು ಹಸುವಿನ ದೆಸೆಯಿಂದ ನೆನೆಯುವುದು ಮರ್ಯಾದೆಯಲ್ಲ, ಆದರೆ ನೆನಪು ನಮ್ಮ ಮರ್ಯಾದೆ ಕೇಳಿಕೊಂಡು ಬರುವುದಿಲ್ಲವಲ್ಲ.

ಅದುವರೆಗೆ ತಾನೇ ಒಂದು ಪುಟ್ಟ ರಾಜ್ಯವಾಗಿದ್ದ ಕೊಡಗು, ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಸೇರಿದ್ದು ದೊಡ್ಡಪ್ಪನಿಗೆ ಒಪ್ಪಿಗೆಯಿರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು. ದೊಡ್ಡಮ್ಮನ ಅಣ್ಣ ಕುಶಾಲಪ್ಪ ಮಾವ ಇದಕ್ಕೆ ತದ್ವಿರುದ್ಧ. ಪ್ರತಿ ಭಾನುವಾರ ಕಾಫಿ ಕುಡಿಯುವ ನೆಪದಲ್ಲಿ ಬಂದು, ಲೋಟ ಕೆಳಗಿಡುವ ಮೊದಲೇ ರಾಜ್ಯವನ್ನು ಎತ್ತುತ್ತಿದ್ದರು.

"ಸಣ್ಣ ಚಟ್ಟಿಲಿ ಎಷ್ಟು ಗಂಜಿ ಬೇಯ್ತದೆ ಭಾವ?"

"ನಮ್ಮ ಚಟ್ಟಿ ನಂಗೆ ಸಾಕ್. ದೊಡ್ಡ ಹಂಡೇಲಿ ನೀನೇ ಹೋಗಿ ಬೇಯಿ!"

ತೋಟದ ಆಳುಗಳು ತಮ್ಮ ಲೈನುಮನೆಗಳಿಂದ ಕೇಳಿ ನಗುವಷ್ಟು ಗಟ್ಟಿಯಾಗಿ ಇದು ಊಟದವರೆಗೆ ನಡೆಯುತ್ತಿತ್ತು. ಊಟದ ಹೊತ್ತಿಗೆ ವಿರಾಮ; ಅನಂತರ ಉಳಿದ ಅಧ್ಯಾಯ.

ಆಮೇಲೆ ದೊಡ್ಡಪ್ಪನ ಕಾಲು ಬಾತುಕೊಂಡಿತು. ತೋಟದ ಏರು ಹತ್ತಿದರೆ ಉಸಿರು ಸಿಗದು, ಮಲಗಿದರೆ ಎರಡು ದಿಂಬು ಬೇಕು. ಮಡಿಕೇರಿಯ ಡಾಕ್ಟರು ನೋಡಿ, ಹೃದಯ ಸೋತಿದೆ, ಮೈಯಲ್ಲಿ ನೀರು ತುಂಬುತ್ತಿದೆ ಎಂದರು. ನೀರಿಳಿಸಲು ಸೂಜಿಮದ್ದು ಕೊಟ್ಟರು. "ಉಪ್ಪು ಕೊಡಬೇಡಿ. ಉದ್ವೇಗವಾಗಬಾರದು" ಎಂದರು.

ನಮ್ಮ ಮನೆಯವರು ವೈದ್ಯರ ಮಾತು ಮೀರುವವರಲ್ಲ. ಸಾರಿನಿಂದ ಉಪ್ಪು ತೆಗೆದಂತೆ ಮಾತಿನಿಂದಲೂ ತೆಗೆದೆವು. ದೊಡ್ಡಮ್ಮ ಎಲ್ಲರಿಗೂ ತಾಕೀತು ಮಾಡಿದರು: ಅವರು ಏನೇ ಹೇಳಲಿ, ಹೂಂ ಎನ್ನಬೇಕು. ಆಗ ತಾನೇ ಕಾಲೇಜು ಮುಗಿಸಿ ಜಗತ್ತಿನ ಸಮಸ್ಯೆಗಳಿಗೆಲ್ಲ ಪರಿಹಾರ ಹೊಂದಿದ್ದ ನಾನು, ಪತ್ರಿಕೆಯಲ್ಲಿ ರಾಜಕೀಯವನ್ನು ಹಾರಿಸಿ ಮಳೆಯ ವರದಿ, ಮದುವೆಯ ವರದಿ ಮಾತ್ರ ಓದಿ ಹೇಳುತ್ತಿದ್ದೆ. ಆ ವರ್ಷ ದೊಡ್ಡಪ್ಪನ ಪಾಲಿಗೆ ದೇಶದಲ್ಲಿ ಮಳೆ ಮತ್ತು ಮದುವೆ ಬಿಟ್ಟರೆ ಏನೂ ನಡೆಯಲಿಲ್ಲ.

ಭಾನುವಾರ ಕುಶಾಲಪ್ಪ ಮಾವ ಬಂದರು. ದೊಡ್ಡಪ್ಪ ದಿಂಬಿಗೊರಗಿ, ಉಸಿರು ಕೂಡಿಸಿಕೊಂಡು ತಾವೇ ಶುರು ಮಾಡಿದರು: "ಎಂತ ಭಾವ, ನಿನ್ನ ಮೈಸೂರು ನಂಗೆ ಎಂತ ಕೊಟ್ಟತ್?"

ಮಾವ ತಂಗಿಯ ಕಣ್ಣು ನೋಡಿದರು. "ಎಂತ ಇಲ್ಲೆ ಭಾವ. ನೀ ಹೇಳ್ದೇ ಸರಿ."

ದೊಡ್ಡಪ್ಪ, "ಡಾಕ್ಟ್ರು ನನ್ನ ಬಗ್ಗೆ ಅಷ್ಟು ಕೆಟ್ಟದಾಗಿ ಹೇಳಿದ್ರಾ?" ಎಂದು ಕೇಳಿ ಗೋಡೆಯ ಕಡೆ ಹೊರಳಿದರು.

ಅಲ್ಲಿಂದ ಅವರು ಯಾರನ್ನೂ ಬೈಯಲಿಲ್ಲ. ಕ್ಷೌರಿಕ ಬಂದರೆ "ನಾಳೆ" ಎಂದರು. ಮೆಣಸಿಗೆ ರೋಗ ಬಿದ್ದಿದೆ ಎಂದರೆ "ಹೌದಾ" ಎಂದರು. ಗಂಜಿ ತಟ್ಟೆಯಲ್ಲೇ ಕೆನೆಗಟ್ಟುತ್ತಿತ್ತು, ಉಪ್ಪಿಲ್ಲದ್ದಕ್ಕೆ ಎಂದುಕೊಂಡೆವು. ಬೆಳಗಿನ ಜಾವಕ್ಕೇ ಎಚ್ಚರವಾಗಿ ಮೇಲೆ ಮಾಡಿನ ಹೆಂಚನ್ನೇ ನೋಡುತ್ತಿದ್ದರು. ವಯಸ್ಸಾದವರಿಗೆ ನಿದ್ರೆ ಕಡಿಮೆ ಎಂದುಕೊಂಡೆವು. ಪ್ರತಿಯೊಂದಕ್ಕೂ ನಮ್ಮಲ್ಲಿ ಒಂದು ಕಾರಣ ಸಿದ್ಧವಿತ್ತು. ನೋಡಲು ಬಂದವರಿಗೆ ದೊಡ್ಡಮ್ಮ ಸಮಾಧಾನದಿಂದ, "ಇವು ಈಗ ಬಾರೀ ಸಾಧು" ಎನ್ನುತ್ತಿದ್ದರು. ನಮ್ಮ ಅರೆಭಾಷೆಯಲ್ಲಿ ಗಂಡನನ್ನು 'ಇವು' ಎನ್ನುವುದೇ ಗೌರವ. ಬಂದವರು, ಇಷ್ಟು ವರ್ಷಕ್ಕಾದರೂ ದೇವರು ಒಳ್ಳೆಯ ಬುದ್ಧಿ ಕೊಟ್ಟನಲ್ಲ ಎಂದು ಕಾಫಿ ಕುಡಿದು ಹೋಗುತ್ತಿದ್ದರು. ಡಾಕ್ಟರೂ ಬಂದು ಕಾಲು ಒತ್ತಿ ನೋಡಿ, ಬಾವು ಇಳಿದಿದೆ ಎಂದು ಸಂತೋಷಪಟ್ಟರು. ಸೋತ ಹೃದಯದ ಪಕ್ಕದಲ್ಲೇ ಮನಸ್ಸೂ ಸೋಲುತ್ತದೆ, ಅದಕ್ಕೂ ಹೆಸರಿದೆ, ಮದ್ದಿದೆ ಎಂದು ಈಗಿನ ಡಾಕ್ಟರುಗಳು ನನಗೆ ಹೇಳುತ್ತಾರೆ. ಆಗ ನಮ್ಮ ಮನೆಯಲ್ಲಿ ಅದಕ್ಕೆ ಇದ್ದದ್ದು ಹೊಗಳಿಕೆಯ ಆ ಒಂದೇ ಮಾತು.

ಮೊದಲು ಅನುಮಾನ ಬಂದದ್ದು ಕುಶಾಲಪ್ಪ ಮಾವನಿಗೆ. ಒಂದು ದಿನ ದೊಡ್ಡಪ್ಪ ಮಾತ್ರೆಯನ್ನು ನುಂಗದೆ ಅಂಗೈಯಲ್ಲಿಟ್ಟುಕೊಂಡು, "ಇದೆಲ್ಲ ಯಾಕೆ ಭಾವ, ಸುಮ್ಮನೆ?" ಎಂದರಂತೆ. ಮಾವ ಅಡುಗೆಮನೆಗೆ ಬಂದು ತಂಗಿಗೆ, "ಇದು ಸಾಧು ಅಲ್ಲ ಕೂಸೇ. ನಾವು ಇವನ ಬಾಯಿ ಕಟ್ಟಿ ಕೊಲ್ತಾ ಇದ್ದೇವೆ" ಎಂದರು. ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೋಗು ಎಂಬಂತೆ ಕೋಣೆಯ ಕಡೆ ಕೈ ತೋರಿದರು.

ಮಾವ ಒಳಗೆ ಹೋಗಿ ಮಂಚದ ಪಕ್ಕ ಕುಳಿತು ಗಂಟಲು ಸರಿಮಾಡಿಕೊಂಡರು. ಅಷ್ಟು ಚೆನ್ನಾಗಿ ಜಗಳಕ್ಕೆ ನಿಂತದ್ದನ್ನು ನಾನು ಹಿಂದೆ ನೋಡಿರಲಿಲ್ಲ. "ಕೇಳ್ ಭಾವ! ನಿಮ್ಮ ಕೊಡಗು ರಾಜ್ಯ ಒಂದು ರಾಜ್ಯವಾ? ಒಂದು ಕೋಳಿ ಕೂಗಿದ್ರೆ ಇಡೀ ರಾಜ್ಯಕ್ಕೆ ಬೆಳಗಾಗ್ತಿತ್ತ್! ಮೈಸೂರಿನವು ಬಂದ ಮೇಲೆ ರಸ್ತೆ ಆತ್, ಸೇತುವೆ ಆತ್. ಎಂತ ಹೇಳ್ತಿಯ? ಹೇಳ್!"

ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಒಂದು ಬೈಗುಳಕ್ಕಾಗಿ ಅಷ್ಟು ಜನ ಕಾದದ್ದು ನಮ್ಮ ಮನೆತನದ ಚರಿತ್ರೆಯಲ್ಲೇ ಇಲ್ಲ.

ದೊಡ್ಡಪ್ಪ ಕಣ್ಣು ತೆರೆದರು. ಮಾವನ ಕೈ ಮೇಲೆ ಕೈ ಇಟ್ಟರು. "ರಸ್ತೆ ಆದ್ರೆ ಒಳ್ಳೇದೇ ಅಲ್ಲಾ ಭಾವ" ಎಂದರು.

ಆ ವರ್ಷದ ಕಾಫಿ ಕೊಯ್ಲು ಮುಗಿಯುವ ಮೊದಲೇ ದೊಡ್ಡಪ್ಪ ತೀರಿಕೊಂಡರು.