ಮೊದಲ ಬಾಗಿನ ಯಾರ ಮನೆಯದು?

ಹೋದ ವಾರ ನಮ್ಮ ಚಿಕ್ಕಪ್ಪ ಎರಡು ಸಾಲು ತೆಂಗಿನಮರಗಳನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಕೋರ್ಟಿಲ್ಲ, ನೋಟಿಸಿಲ್ಲ. ತಮ್ಮದೇ ಬಾಯಿಂದ!

ಕೆರೆ, ಜೌಗು ಪ್ರದೇಶಗಳನ್ನು ಅಳೆದು ಗಡಿ ಗುರುತು ಮಾಡುವ ಕೆಲಸ ಈಗ ನಡೆಯುತ್ತಿದೆಯಲ್ಲ? ಯಗಟಿ ಕಡೆಯ ಚಿಕ್ಕಪ್ಪನ ಊರಿಗೂ ಸರ್ವೆಯವರು ಬರುತ್ತಾರೆಂದು ಸುದ್ದಿ ಬಂತು. ಅವರ ತೋಟ ಕೆರೆಯ ಪಕ್ಕದಲ್ಲೇ ಇದೆ. (ಪಕ್ಕದಲ್ಲೋ, ಒಳಗೋ ಎನ್ನುವುದೇ ಪ್ರಶ್ನೆ.) ಪೇಪರಿನಲ್ಲಿ ಬರೆಯುವವನು ಜೊತೆಗಿದ್ದರೆ ಒಂದು ವೇಯ್ಟ್ ಇರುತ್ತದೆಂದು ಬೀರೂರಿನಿಂದ ನನ್ನನ್ನೂ ಕರೆಸಿಕೊಂಡರು.

ಸರ್ವೆಯರ್ ಚಿಕ್ಕ ವಯಸ್ಸಿನ ಹುಡುಗಿ. ತಲೆಗೆ ಟೋಪಿ, ಕೈಯಲ್ಲಿ ಜಿಪಿಎಸ್ ಮಷೀನು. ಹಳೇ ನಕ್ಷೆಯಲ್ಲಿ ಆ ಮೂಲೆ ಸರಿಯಾಗಿ ಕಾಣುತ್ತಿರಲಿಲ್ಲ, ಊರವರ ಮಾತೇ ಗತಿ. ಚಿಕ್ಕಪ್ಪ ಎಳನೀರು ಕೊಟ್ಟು, ಕೆರೆ ನೀರು ತಮ್ಮ ಬೇಲಿಯತ್ತ ತಲೆ ಹಾಕಿಯೂ ಮಲಗಿಲ್ಲ ಎಂದರು. ಆಕೆ ನಂಬುವ ಹಾಗೇ ಇದ್ದಳು.

ಅಷ್ಟರಲ್ಲಿ ಬಂದರು ಎದುರುಮನೆ ರುದ್ರಪ್ಪನವರು. ಕೆರೆ ತುಂಬಿದಾಗ ಗಂಗೆಗೆ ಮೊದಲ ಬಾಗಿನ ಬಿಡುವ ಹಕ್ಕು ಯಾರದೆಂದು ಈ ಎರಡು ಮನೆಗಳಿಗೆ ತಲೆಮಾರುಗಳ ಜಗಳ. ರುದ್ರಪ್ಪ ಸುಮ್ಮನಿರಲಾರದೆ, ಮೊದಲ ಬಾಗಿನ ತಮ್ಮ ಮನೆಯದೇ ಎಂದು ಆಕೆಗೆ ಹೇಳಿಬಿಟ್ಟರು.

ಚಿಕ್ಕಪ್ಪನ ಪಿತ್ತ ನೆತ್ತಿಗೇರಿತು. ಎಲ್ಲರನ್ನೂ ಕೆರೆಯ ಕಡೆಯಿಂದ ಬೇಲಿಯೊಳಗೆ ಕರೆದುಕೊಂಡು ಹೋಗಿ, ಎರಡು ಸಾಲು ತೆಂಗು ದಾಟಿ, ಅರಿಶಿನ ಕುಂಕುಮ ಹಚ್ಚಿದ ಕಲ್ಲೊಂದನ್ನು ತೋರಿಸಿದರು.

"ನೋಡವ್ವ, ನೀರು ಬಂದು ಈ ಕಲ್ಲು ಮುಟ್ಟಿದ್ಮೇಲೇನೇ ನಮ್ಮಜ್ಜಿ ಬಾಗಿನ ಬಿಡ್ತಿದ್ದಿದ್ದು. ಅಜ್ಜಿ ಬಿಟ್ಮೇಲೇ ಮಿಕ್ಕೋರು."

"ಹಾಗಾದ್ರೆ ಕೆರೆ ಇಲ್ಲೀವರೆಗೂ ಬರ್ತಿತ್ತು ಅನ್ನಿ" ಎಂದಳು ಆಕೆ, ತಣ್ಣಗೆ.

ನನಗೆ ನಗು ತಡೆಯುವುದೇ ಕಷ್ಟವಾಯಿತು. (ವೇಯ್ಟಿಗೆಂದು ಬಂದವನು ಬೇರೆ!) ಇಲ್ಲ ಎಂದರೆ ಬಾಗಿನದ ಮರ್ಯಾದೆ ರುದ್ರಪ್ಪನ ಪಾಲು. ಹೌದು ಎಂದರೆ ಎರಡು ಸಾಲು ತೆಂಗು ಕೆರೆಯ ಪಾಲು. ಚಿಕ್ಕಪ್ಪ ಮರಗಳನ್ನು ನೋಡಿದರು. ಪಾಪ, ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರಗಳು. ಆಮೇಲೆ ಅವರು ರುದ್ರಪ್ಪನ ಮುಖ ನೋಡಿದರು.

"ಹೂಂ ಕಣವ್ವ. ಇಲ್ಲೀಗಂಟ ಕೆರೇನೇ. ಹೊಡೀರಿ ಗೂಟ."

ಗೂಟ ಬಿತ್ತು. ಚಿಕ್ಕಪ್ಪ ಎದೆ ಉಬ್ಬಿಸಿ ನಿಂತ ಗತ್ತು ನೀವು ನೋಡಬೇಕಿತ್ತು! ಆಕೆ ಮಷೀನು ಎತ್ತಿಕೊಂಡು ರುದ್ರಪ್ಪನವರತ್ತ ತಿರುಗಿದಳು. ನಿಮ್ಮ ಮನೆಯವರು ಎಲ್ಲಿ ನಿಂತು ಬಾಗಿನ ಬಿಡುತ್ತಿದ್ದರು ಎಂದು ವಿನಯದಿಂದ ಕೇಳಿದಳು. ಅವರ ತೋಟವೂ ಕೆರೆಯಂಚಿನದೇ. ಚಿಕ್ಕಪ್ಪನ ಎದುರು ರುದ್ರಪ್ಪ ಹಿಂದೆ ಬೀಳುತ್ತಾರೆಯೇ? ಪಂಚೆ ಎತ್ತಿ ಕಟ್ಟಿ, ದಾರಿ ತೋರಿಸುತ್ತಾ ಮುಂದೆ ನಡೆದರು.

ಈಗ ಹೇಳಿ, ಕೆರೆ ಉಳಿಯಲು ಸರ್ಕಾರದ ಕಾನೂನು ಜೋರಾಗಿರಬೇಕೋ, ಎದುರುಬದುರು ಮನೆಯವರ ಜಂಬವೋ?