ಬಿಡ್ತು ಅನ್ನು

ನಮ್ಮ ಬೀದಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಆಕೆ ಕತ್ತರಿ ಅಕ್ಕ. ಹೊಲಿಗೆ ಆಕೆಯ ಕಸುಬು. ಆದರೂ ಆ ಹೆಸರು ಕಸುಬಿನಿಂದ ಬಂತೋ ನಾಲಿಗೆಯಿಂದ ಬಂತೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನು ಆಕೆಯ ಕೈಕೆಳಗೆ ಗುಂಡಿ, ಕಾಜಾ, ಅಂಚು ಹೊಲಿಯುವವಳು. ನನ್ನ ನಾಲಿಗೆಯೂ ಮೊಂಡಲ್ಲವಾದ್ದರಿಂದ ಇಬ್ಬರಿಗೂ ಹೇಗೋ ಸರಿಹೋಗಿದೆ.

ಅಕ್ಕನ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಆಕೆಯ ಮಿಷನ್ನು, ಗೋಡೆಗೆ ಒತ್ತಿದಂತೆ ಬಟ್ಟೆ ಕತ್ತರಿಸುವ ಮೇಜು, ಬಾಗಿಲ ಬಳಿ ಚಾಪೆಯ ಮೇಲೆ ನಾನು. ಹಿಂದೆ ಒಂದು ಮಲಗುವ ಕೋಣೆ, ಒಂದು ಅಡುಗೆಮನೆ, ಅಲ್ಲಿಗೆ ಮನೆ ಮುಗಿಯಿತು. ಬೀದಿ ಇರುವುದು ಗೋದಾಮುಗಳ ಬೆನ್ನಿಗೆ. ದೊಡ್ಡ ಚರಂಡಿಯ ಮೇಲೆ ಜನ ನಡೆಯುವಷ್ಟೇ ಅಗಲದ ಒಂದು ಸೇತುವೆ ಇದೆ. ಅದನ್ನು ದಾಟಿ ಈಚೆಗೆ ಯಾವ ವ್ಯಾನೂ ಬರುವುದಿಲ್ಲ. ಆರೋಗ್ಯ ಕೇಂದ್ರವೂ ಆಚೆ ಬದಿಗೇ ಇದೆ. ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ, ಅದೂ ಬಂದರೆ.

ಗಂಡ ಹೋದ ಮೇಲೆ ಮಗನನ್ನು ಒಬ್ಬಳೇ ಸಾಕಿದವಳು ಕತ್ತರಿ ಅಕ್ಕ. ಮನೆ ಮಾಲೀಕ ಬಾಗಿಲಿಗೆ ಬಂದು ಕೂಗಾಡಿದಾಗ ಅಳತೆ ಟೇಪನ್ನು ಕೊರಳಿನಿಂದ ತೆಗೆಯದೆಯೇ ಹೊರಗೆ ಹೋಗಿ ಅವನ ಬಾಯಿ ಮುಚ್ಚಿಸಿ ಬಂದವಳು. ಅಂಥವಳಿಗೆ ಹೆದರಿಕೆ ಇದ್ದದ್ದು ಒಂದೇ ಒಂದಕ್ಕೆ, ಮಾತಿಗೆ. ಯಾರಾದರೂ ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಸಾಕು, ಮಿಷನ್ನು ತುಳಿಯುತ್ತಿದ್ದ ಕಾಲು ನಿಂತುಬಿಡುತ್ತಿತ್ತು. ಬಿಡ್ತು ಅನ್ನು, ಅನ್ನುತ್ತಿದ್ದಳು. ಆಡಿದವರು ಬಿಡ್ತು ಅನ್ನುವ ತನಕ ಸೂಜಿ ಕೆಳಗಿಳಿಯುತ್ತಿರಲಿಲ್ಲ. ಬಿಸಿಲಿಗೆ ಸತ್ತೇ ಹೋದೆ ಅಂತ ನಾನು ಒಳಗೆ ಬಂದರೂ ಬಿಡ್ತು ಅನ್ನಬೇಕು. ಆ ಪದ ಆಕೆಗೆ ಹಿಡಿಸದೆ ಇದ್ದದ್ದು ಹೊಲಿಸಿಕೊಂಡು ಹೋದ ಗಿರಾಕಿ ವಾಪಸು ಬಂದು ಹೊಲಿಗೆ ಬಿಡ್ತು ಅಂದಾಗ ಮಾತ್ರ.

ನಾನು ನಗುತ್ತಿದ್ದೆ. ಆದರೆ ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕತ್ತರಿ ಅಕ್ಕ ಇನ್ನೂ ಲಂಗದ ಹುಡುಗಿಯಾಗಿದ್ದಾಗ ಆಕೆಯ ಒಡಹುಟ್ಟಿದ ಅಕ್ಕ ಚೊಚ್ಚಲ ಬಸುರಿ. ಎಲ್ಲರೂ ಊಟಕ್ಕೆ ಕೂತಿದ್ದಾಗ ಆ ಅಕ್ಕ, ನಾನು ಉಳಿಯಲ್ಲ ಅನ್ಸುತ್ತೆ ಅಂದಳಂತೆ. ಮನೆಯವರು ನಕ್ಕು ಮಾತು ತಿರುಗಿಸಿದರು, ಯಾರೂ ಬಿಡ್ತು ಅನ್ನಿಸಲಿಲ್ಲ. ಹೆರಿಗೆಯಲ್ಲಿ ರಕ್ತ ನಿಲ್ಲದೆ, ಕರೆದೊಯ್ಯಲು ಗಾಡಿ ಸಿಗದೆ ಅವಳು ಹೋಗಿಬಿಟ್ಟಳು. ಗಾಡಿ ಸಿಗಲಿಲ್ಲ ಎಂಬುದನ್ನು ಕತ್ತರಿ ಅಕ್ಕ ಯಾವಾಗಲೂ ಅರ್ಧ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಬಿಡ್ತು ಅನ್ನಿಸಲಿಲ್ಲ ಎಂಬುದನ್ನು ಮಾತ್ರ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು.

ಹೀಗಿರುವಾಗ ಸೊಸೆ ಬಸುರಿಯಾದಳು.

ಸೊಸೆ ಮೆತ್ತಗಿನ ಹುಡುಗಿ. ತವರು ದೂರ, ಗಂಡ ಲಾರಿ ಚಾಲಕ, ಹೊರಟರೆ ವಾರಗಟ್ಟಲೆ ಪತ್ತೆ ಇಲ್ಲ. ಅತ್ತೆಯ ಕಣ್ಣು ಮಂದವಾಗಿದ್ದರಿಂದ ಸೂಜಿಗೆ ದಾರ ಪೋಣಿಸುವುದು ಅವಳ ಪಾಲಿನ ಕೆಲಸ. ಬೆಳಿಗ್ಗೆ ಒಂದು ಸಾಲು ಸೂಜಿಗಳಿಗೆ ದಾರ ಹಾಕಿ ಮೇಜಿನ ದಿಂಬಿಗೆ ಚುಚ್ಚಿಟ್ಟರೆ ಸಂಜೆಯವರೆಗೆ ನಮ್ಮಿಬ್ಬರಿಗೂ ಚಿಂತೆ ಇರಲಿಲ್ಲ. ಅತ್ತೆ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ನೀರಿನ ಕೊಡ ಮುಟ್ಟಲು ಬಿಡಲಿಲ್ಲ. ಯಾರದಾದರೂ ಸಾವಿನ ಸುದ್ದಿ ಬೀದಿಗೆ ಬಂದರೆ ಕಿಟಕಿ ಹಾಕಿ ಮಿಷನ್ನನ್ನು ಜೋರಾಗಿ ತುಳಿಯುತ್ತಿದ್ದಳು, ಸೊಸೆಯ ಕಿವಿಗೆ ಬೀಳದಿರಲಿ ಎಂದು.

ಬೀದಿಯ ಬಸುರಿಯರನ್ನು ನೋಡಲು ಆರೋಗ್ಯ ಕೇಂದ್ರದಿಂದ ಬರುವವಳು ತೂಕದಕ್ಕ. ಕೂಸುಗಳನ್ನು ತೂಗುವ ತಕ್ಕಡಿ ಯಾವಾಗಲೂ ಹೆಗಲಿಗಿರುವುದರಿಂದ ಆ ಹೆಸರು. ಅವಳು ಸೊಸೆಯ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಿದ್ದಳು, ಆಮೇಲೆ ಕೇಳಲೇಬೇಕಾದ ಪ್ರಶ್ನೆಗಳನ್ನು ಕೇಳುತ್ತಿದ್ದಳು. ತಲೆನೋವು ಇದೆಯಾ, ಕಣ್ಣು ಮಂಜಾಗುತ್ತಾ, ರಕ್ತ ಹೋಗಿದೆಯಾ. ಒಂದೊಂದು ಪ್ರಶ್ನೆಗೂ ಕತ್ತರಿ ಅಕ್ಕ ಮಿಷನ್ನು ನಿಲ್ಲಿಸಿ ಬಿಡ್ತು ಅನ್ನಿಸುತ್ತಿದ್ದಳು. ತೂಕದಕ್ಕನೂ ತಲೆ ಕೆಡಿಸಿಕೊಳ್ಳದೆ, ರಕ್ತ ಹೋಗಿದೆಯಾ, ಬಿಡ್ತು, ಫಿಟ್ಸ್ ಬಂದಿತ್ತಾ, ಬಿಡ್ತು, ಎಂದು ಒಂದೇ ಉಸಿರಿನಲ್ಲಿ ಸೇರಿಸಿಯೇ ಕೇಳುವುದನ್ನು ರೂಢಿ ಮಾಡಿಕೊಂಡಳು. ನನಗೆ ನಗು ತಡೆಯದೆ ಬೆರಳಿಗೆ ಸೂಜಿ ಚುಚ್ಚಿಕೊಂಡದ್ದೂ ಉಂಟು.

ಏಳನೆಯ ತಿಂಗಳಲ್ಲಿ ಬಿ.ಪಿ. ಸ್ವಲ್ಪ ಮೇಲೆ ಬಂದಿತ್ತು. ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿ ಎಂದಳು ತೂಕದಕ್ಕ. ಅಕ್ಕ ಕತ್ತರಿ ಎತ್ತಿಕೊಂಡು ಹೊಲಿದ ಬಟ್ಟೆಯ ದಾರ ಕತ್ತರಿಸತೊಡಗಿದಳು. ಆಗ ತೂಕದಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಉಪೇಕ್ಷೆ ಮಾಡಿದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ, ಇದಕ್ಕೆ ಬಿಡ್ತು ಅನ್ನಲ್ಲ, ಯಾಕೆಂದರೆ ನೀವು ಇದನ್ನು ನೆನಪಿಟ್ಟುಕೊಳ್ಳಬೇಕು ಎಂದಳು.

ಕತ್ತರಿ ಅಕ್ಕ ಎದ್ದು ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಕೈಯಲ್ಲಿ ಕತ್ತರಿ ಹಾಗೇ ಇತ್ತು. ಸಿಟ್ಟು ಎಂದು ಬೀದಿಯವರು ಹೇಳಿದರು. ಹತ್ತಿರ ಕೂತಿದ್ದ ನನಗೆ ಗೊತ್ತು, ಅದು ಸಿಟ್ಟಲ್ಲ.

"ತುಂಬಿದ ಬಸುರಿ ಮುಂದೆ ಆಡೋ ಮಾತಾ ಇದು? ಇನ್ನು ಈ ಹೊಸಿಲು ದಾಟಿ ಬರಬೇಡಮ್ಮ," ಎಂದಳು.

ತೂಕದಕ್ಕ ಮತ್ತೆ ಎರಡು ಸಲ ಬಂದಳು. ಎರಡು ಸಲವೂ ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ನನ್ನನ್ನು ಕರೆದು ತನ್ನ ಫೋನ್ ನಂಬರನ್ನು ನನ್ನ ಫೋನಿಗೆ ಹಾಕಿಸಿ ಹೋದಳು.

ಆಮೇಲೆ ಸೊಸೆ ಮೈ ತುಂಬಿಕೊಂಡಳು. ಮುಖ ದುಂಡಗಾಯಿತು, ಬೆರಳು ದಪ್ಪಗಾದವು, ಚಪ್ಪಲಿ ಹಿಡಿಯದೆ ಬರಿಗಾಲಲ್ಲಿ ಓಡಾಡಿದಳು. ಒಳಗೆ ಬಿಟ್ಟಿದ್ದ ಬಟ್ಟೆಯಷ್ಟನ್ನೂ ಬಿಚ್ಚಿ ಅತ್ತೆ ಅವಳ ಅಂಗಿಗಳನ್ನು ಅಗಲ ಮಾಡಿದಳು, ಅದೂ ಸಾಲದೆ ಪಕ್ಕಕ್ಕೆ ಬೇರೆ ಬಟ್ಟೆ ಜೋಡಿಸಿದಳು. ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದಳು. ನಮ್ಮನೆಗೆ ಬಂದಾಗ ಕಡ್ಡಿ ಹಾಗಿದ್ಲು, ಈಗ ನೋಡಿ ಹೇಗೆ ತುಂಬಿಕೊಂಡಿದ್ದಾಳೆ ಅನ್ನುತ್ತಿದ್ದಳು. ಗಿರಾಕಿಗಳೂ ಹೌದು ಹೌದು ಅಂದರು. ನಾನೂ ಹೌದು ಅಂದೆ, ಯಾಕೆಂದರೆ ನೋಡಲು ಹಾಗೇ ಇತ್ತು. ಒಬ್ಬರಿಗೂ ಅದು ಬಾವು ಅನ್ನಿಸಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಹಿತ್ತಲಲ್ಲಿ ಬಟ್ಟೆ ನೆನೆಹಾಕುತ್ತಿದ್ದಳು. ಸೊಸೆ ಸೂಜಿಗಳ ಮುಂದೆ ಕೂತಿದ್ದಳು. ದಾರದ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿ ಸೂಜಿಯ ಹತ್ತಿರ ತರುತ್ತಾಳೆ, ದಾರ ಪಕ್ಕಕ್ಕೆ ಹೋಗುತ್ತದೆ. ಮತ್ತೆ ತರುತ್ತಾಳೆ, ಮತ್ತೆ ಪಕ್ಕಕ್ಕೆ. ಕತ್ತಲಲ್ಲೂ ದಾರ ಪೋಣಿಸುವ ಹುಡುಗಿ ಅದು. ಯಾವ ಲೋಕದಲ್ಲಿದ್ದೀಯೇ, ಗಂಡನ ಲಾರಿ ಯಾವ ಊರು ದಾಟುತ್ತಿದೆ, ಎಂದು ಕೀಟಲೆ ಮಾಡಿದೆ. ಅವಳು ನಗಲಿಲ್ಲ. ಸೂಜಿ ಎರಡು ಕಾಣ್ತಿದೆ ಅಂದಳು. ಕಣ್ಣ ಮುಂದೆ ಮಿಣುಕು ಹುಳ ಓಡಾಡಿದ ಹಾಗಿದೆ, ನಿನ್ನೆಯಿಂದ ತಲೆ ಸೀಳಿ ಹೋಗುತ್ತಿದೆ, ಎದೆಯ ಕೆಳಗೆ ಹಿಡಿದ ಹಾಗಿದೆ ಅಂದಳು. ತೂಕದಕ್ಕನ ಪ್ರಶ್ನೆಗಳು ಒಂದೊಂದಾಗಿ ನನ್ನ ತಲೆಗೆ ಬಂದವು. ಅವುಗಳ ಜತೆ ಸೇರಿಸುತ್ತಿದ್ದ ಬಿಡ್ತು ಮಾತ್ರ ಬರಲಿಲ್ಲ. ಅತ್ತೆಗೆ ಹೇಳಿದೆಯಾ ಎಂದು ಕೇಳಿದೆ.

"ಹೇಳಿದೆ. ಬಿಡ್ತು ಅನ್ನು ಅಂದ್ರು," ಎಂದಳು. "ಅಂದೆ ಅಕ್ಕ. ಎಷ್ಟು ಸಲ ಬಿಡ್ತು ಅಂದ್ರೂ ಬಿಡ್ತಿಲ್ಲ."

ಕೈಯಲ್ಲಿದ್ದ ಹೊಲಿಗೆ ಕೆಳಗಿಟ್ಟು ಎದ್ದೆ. ಹಿತ್ತಲಿಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಬಾಯಿ ಬಿಟ್ಟು ಹೇಳಿದೆ. ಕಣ್ಣು, ತಲೆ, ಎದೆ, ಈಗಲೇ ಆಸ್ಪತ್ರೆಗೆ ಹೋಗದಿದ್ದರೆ ಈ ಹುಡುಗಿ ನಮ್ಮ ಕೈತಪ್ಪುತ್ತಾಳೆ ಎಂದೂ ಹೇಳಿದೆ. ಅಕ್ಕನ ಕೈ ಬಕೆಟ್ಟಿನೊಳಗೇ ನಿಂತಿತು. ಬಿಡ್ತು ಅನ್ನು, ಎಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಅನ್ನಲ್ಲ ಅಂದೆ. ಬಿಡ್ತು ಅನ್ನೇ ಮಾರಾಯ್ತಿ, ನಿನ್ನ ಕಾಲು ಹಿಡೀತೀನಿ, ಎಂದಳು ಅಕ್ಕ. ಯಾರ ಮುಂದೂ ತಗ್ಗದ ಹೆಂಗಸು ಕೇಳುತ್ತಿದ್ದ ರೀತಿಗೆ ನನಗೆ ಅಳು ಬಂತು. ಆದರೂ ಅನ್ನಲಿಲ್ಲ.

ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು.

ಸೊಸೆ ಮೇಜಿನ ಕೆಳಗೆ ಬಿದ್ದಿದ್ದಳು. ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು, ಹಲ್ಲು ಕಚ್ಚಿಹೋಗಿತ್ತು, ಕೈಕಾಲು ಅದುರುತ್ತಿದ್ದವು. ಸುತ್ತ ಸೂಜಿಗಳು ಚೆಲ್ಲಿದ್ದವು. ಅಕ್ಕ ಬರಿಗಾಲಲ್ಲಿ ಅವುಗಳ ಮೇಲೇ ಓಡಿ ಅವಳ ತಲೆ ಹಿಡಿದಳು, ಹಿಡಿದು ಬಿಡ್ತು ಬಿಡ್ತು ಎಂದು ತಾನೇ ಶುರುಮಾಡಿದಳು. ನಾನು ತೂಕದಕ್ಕನಿಗೆ ಫೋನ್ ಮಾಡಿದೆ. ಹೊಸಿಲು ದಾಟಬೇಡ ಅಂದದ್ದು ಅವಳಿಗೂ ನೆನಪಿರಲಿಲ್ಲ, ನಮಗೂ ಇರಲಿಲ್ಲ. ಓಡುತ್ತಲೇ ಫೋನಿನಲ್ಲಿ, ಎಡಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಹಾಕಬೇಡಿ, ಅದುಮಿ ಹಿಡಿಯಬೇಡಿ ಎಂದು ಹೇಳಿಕೊಟ್ಟಳು. ವ್ಯಾನನ್ನೂ ಅವಳೇ ಕರೆಸಿದಳು. ಅದು ಸೇತುವೆಯ ಆಚೆ ನಿಂತಿತು. ಹಾಸಿಗೆಯ ಮೇಲಿದ್ದ ದಪ್ಪ ಹೊದಿಕೆಯಲ್ಲಿ ಸೊಸೆಯನ್ನು ಮಲಗಿಸಿ, ಅಕ್ಕಪಕ್ಕದ ಮನೆಯವರೆಲ್ಲ ಅಂಚು ಹಿಡಿದು ಹೊತ್ತೆವು. ಅಷ್ಟು ಸಣ್ಣ ಸೇತುವೆ ಅಷ್ಟು ಉದ್ದ ಎಂದು ನನಗೆ ಅವತ್ತೇ ಗೊತ್ತಾದದ್ದು. ಅಕ್ಕ ನಮ್ಮ ಹಿಂದೆ ಕುಂಟುತ್ತ ಬರುತ್ತಿದ್ದಳು. ಗಾಡಿ ಇದೆಯಾ, ಗಾಡಿ ನಿಂತಿದೆಯಾ ಎಂದು ಅದೊಂದನ್ನೇ ಕೇಳುತ್ತಿದ್ದಳು.

ದೊಡ್ಡಾಸ್ಪತ್ರೆಯಲ್ಲಿ ಸೊಸೆಯನ್ನು ಒಳಗೆ ತೆಗೆದುಕೊಂಡು ಬಾಗಿಲು ಹಾಕಿದರು. ಹೊರಗೆ ಉದ್ದದ ಓಣಿ, ಗೋಡೆಗೆ ಹಸಿರು ಬಣ್ಣ, ಫಿನಾಯಿಲಿನ ವಾಸನೆ, ಒಂದು ಬೆಂಚು. ವ್ಯಾನಿನಲ್ಲಿ ನಮ್ಮ ಜತೆಗೇ ಬಂದಿದ್ದ ತೂಕದಕ್ಕ ಬೆಂಚಿನಲ್ಲಿ ಕೂತಳು. ಅಕ್ಕ ಬೆಂಚಿನಲ್ಲಿ ಕೂರಲಿಲ್ಲ, ಬಾಗಿಲಿಗೆ ಎದುರಾಗಿ ನೆಲದ ಮೇಲೆ ಕೂತಳು. ಡಾಕ್ಟರಮ್ಮ ಒಮ್ಮೆ ಬಂದು, ಬಿ.ಪಿ. ತುಂಬಾ ಏರಿದೆ, ಫಿಟ್ಸ್ ಮತ್ತೆ ಬಂದಿದೆ, ಅದು ಹತೋಟಿಗೆ ಬಂದ ಕೂಡಲೇ ಆಪರೇಷನ್ ಮಾಡಿ ಮಗು ತೆಗೆಯಬೇಕು, ಇಬ್ಬರನ್ನೂ ಉಳಿಸಿಕೊಳ್ಳಲು ನೋಡುತ್ತೇವೆ ಎಂದು ಹೇಳಿ ಒಳಗೆ ಹೋದರು. ನೋಡುತ್ತೇವೆ ಎಂಬ ಮಾತಿಗೂ ಅಕ್ಕ ಬಿಡ್ತು ಅನ್ನಿಸಲಿಲ್ಲ. ಅವಳ ಪಾದದಲ್ಲಿ ಒಂದು ಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು. ನಾನು ಎಳೆದು ತೆಗೆದೆ. ಅದೂ ಅವಳಿಗೆ ತಿಳಿಯಲಿಲ್ಲ.

ಒಳಗಿನಿಂದ ಮಂಚ ಅಲುಗುವ ಸದ್ದು ಬರುತ್ತಿತ್ತು. ಯಾರೋ ಯಾರಿಗೋ ಬೇಗ ಬೇಗ ಅನ್ನುತ್ತಿದ್ದರು. ಆಮೇಲೆ ಒಮ್ಮೆಲೇ ಸದ್ದು ನಿಂತಿತು. ನಾನು ಉಸಿರು ಹಿಡಿದು ಕೇಳಿದೆ, ಏನೂ ಇಲ್ಲ. ಬಾಗಿಲು ಅರ್ಧ ತೆರೆಯಿತು. ಒಬ್ಬ ನರ್ಸ್ ತಲೆ ಹೊರಗೆ ಹಾಕಿ, ಓಣಿಯ ಆ ತುದಿಯಲ್ಲಿದ್ದ ಇನ್ನೊಬ್ಬ ನರ್ಸಿಗೆ ಕೂಗಿ ಹೇಳಿದಳು.

"ಬಿಡ್ತು."

ಅಷ್ಟೇ. ಬಾಗಿಲು ಮತ್ತೆ ಹಾಕಿಕೊಂಡಿತು.

ಏನು ಬಿಡ್ತು? ಆ ಒಂದು ಪದ ಆ ಓಣಿಯಲ್ಲಿ ಹೇಗೆ ಕೇಳಿಸಿತು ಎಂದು ಹೇಳಲು ನನಗೆ ಬರುವುದಿಲ್ಲ. ಜ್ವರ ಬಿಡುತ್ತದೆ, ನೋವು ಬಿಡುತ್ತದೆ, ಪ್ರಾಣವೂ ಬಿಡುತ್ತದೆ. ಅಕ್ಕ ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡು ಮುಂದಕ್ಕೆ ಬಾಗಿದಳು, ಹಣೆ ನೆಲಕ್ಕೆ ತಾಗಿತು. ಬದುಕೆಲ್ಲ ತಾನೇ ಎಲ್ಲರ ಬಾಯಲ್ಲೂ ಅನ್ನಿಸಿದ ಪದಕ್ಕೆ ಅವಳು ಹಾಗೆ ಹೆದರಿ ಮುದುಡಿದಳು. ಕೇಳಲು ಧೈರ್ಯ ಸಾಲದೆ ಇಬ್ಬರೂ ಹಾಗೇ ಕೂತೆವು. ಎಷ್ಟು ಹೊತ್ತೋ. ಕೊನೆಗೆ ತೂಕದಕ್ಕ ಎದ್ದು ಬಾಗಿಲು ತಟ್ಟಿದಳು, ನರ್ಸಿನ ಹತ್ತಿರ ಮಾತಾಡಿದಳು, ಬಂದು ಅಕ್ಕನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವಳ ಕೈಗಳನ್ನು ಕಿವಿಯಿಂದ ಬಿಡಿಸಿದಳು.

"ಫಿಟ್ಸ್ ಬಿಡ್ತು ಅಮ್ಮ. ಫಿಟ್ಸು. ಹುಡುಗಿ ಇದ್ದಾಳೆ."

ಮಗುವನ್ನು ಅಂದೇ ತೆಗೆದರು. ಹೆಣ್ಣು. ಒಂದು ಮೊಳವೂ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಉಸಿರಾಡುತ್ತಿದೆ. ತಾಯಿಗೆ ಇನ್ನೂ ಅಪಾಯ ಕಳೆದಿಲ್ಲ, ಹೆರಿಗೆಯಾದ ಮೇಲೂ ಫಿಟ್ಸ್ ಬರಬಹುದು, ತಲೆನೋವು ಅಂದರೂ ಕಣ್ಣು ಮಂಜು ಅಂದರೂ ತಕ್ಷಣ ಕರೆಯಿರಿ ಎಂದು ಡಾಕ್ಟರಮ್ಮ ಹೇಳಿದರು. ಅಕ್ಕ ಒಂದೊಂದು ಮಾತಿಗೂ ತಲೆ ಆಡಿಸಿದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಬಾಯಿ ಬಿಗಿದುಕೊಂಡಿತ್ತು.

ಮಾರನೆಯ ದಿನ ಸೊಸೆಗೆ ಪೂರ್ತಿ ಎಚ್ಚರವಾಯಿತು. ಮುಖ ಇನ್ನೂ ಊದಿಕೊಂಡೇ ಇತ್ತು. ಈಗ ಅದನ್ನು ಮೈ ತುಂಬಿದೆ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಮಗುವಿನ ವಿಷಯ ಕೇಳಿ ತಿಳಿದುಕೊಂಡಳು. ಆಮೇಲೆ ಅತ್ತೆಯ ಕಡೆಗೆ ತಿರುಗಿದಳು.

"ಅತ್ತೆ, ನಾನು ಸತ್ತೋಗ್ತೀನಿ ಅಂದ್ಕೊಂಡಿದ್ದೆ," ಎಂದಳು.

ಹೇಳಿದವಳೇ ಹೆದರಿ, ಬಿಡ್ತು ಅನ್ನಲು ತಾನೇ ತುಟಿ ತೆರೆದಳು. ಅಕ್ಕ ಅವಳ ತುಟಿಯ ಮೇಲೆ ಬೆರಳಿಟ್ಟಳು.

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣೇ," ಎಂದಳು. "ಈಗ ಹೇಳು. ಎಲ್ಲೆಲ್ಲಿ ನೋಯ್ತಿದೆ? ಒಂದೂ ಬಿಡದೆ ಹೇಳು."

ಸೊಸೆ ಹಣೆಯ ಬಲಗಡೆ ಕೈಯಿಟ್ಟು, ಇಲ್ಲಿ ಸ್ವಲ್ಪ, ಅಂದಳು. ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ನರ್ಸನ್ನು ಕರೆಯಲು ಓಡಿದಳು.