ಬಸ್ಯಾ, ಆ ಫೋನು ಬಂದಿತ್ತು

ಆ ಫೋನು ಬಂದಿತ್ತು. ಪಣಜಿಯ ಸ್ಕೇಟಿಂಗ್ ಶಾಲೆಯವರು ನಿನ್ನನ್ನು ಕೆಲಸಕ್ಕೆ ಕರೆದಿದ್ದರು, ನಿನ್ನ ಮೊಬೈಲಿಗೇ ಕರೆದಿದ್ದರು. ನಾನು ಎತ್ತಿಕೊಂಡು, ನಿನ್ನ ದನಿಯಲ್ಲಿ, ಬರುವುದಿಲ್ಲ ಎಂದು ಹೇಳಿ ಇಟ್ಟೆ.

ಏಳು ವರ್ಷವಾಯಿತು. ಇದನ್ನು ಬಾಯಿಬಿಟ್ಟು ಹೇಳಲೆಂದು ಮೂರು ಸಲ ಸಂಡೂರಿನವರೆಗೆ ಬಂದಿದ್ದೇನೆ. ಮೂರು ಸಲವೂ ನೀನು ಓಡಿಸುವ ಟಿಪ್ಪರಿನ ಮಾಲೀಕನ ದನಿ ತೆಗೆದು, ನಿನ್ನನ್ನು ನಗಿಸಿ, ಚಹಾ ಕುಡಿದು, ಹೊಸಪೇಟೆಯ ಬಸ್ಸು ಹತ್ತಿ ವಾಪಸಾಗಿದ್ದೇನೆ. ನನ್ನ ಬಾಯಿಯ ಮೇಲೆ ನನಗೇ ನಂಬಿಕೆ ಉಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಸಹಿಸಿಕೋ — ಅರ್ಧ ಹೇಳಿ ಅರ್ಧ ನುಂಗುವ ಚಾಳಿಯವನು ನಾನು, ಮೊದಲಿಂದ ಹೊರಟರೆ ಮಾತ್ರ ಕೊನೆ ಮುಟ್ಟೇನು.

ಮೊದಲು ಎಂದರೆ ಹಂಪಿ. ನೀನು ಎಮ್ಮಿಗನೂರಿನ ಗದ್ದೆ ಬಿಟ್ಟು ಬಂದು ಒಂದು ಲಾಡ್ಜಿನಲ್ಲಿ ರೂಮು ಗುಡಿಸುತ್ತಿದ್ದೆ. ನಾನು ದಿನಾ ಚಿತ್ತವಾಡ್ಗಿಯಿಂದ ಬಂದು, ಗೈಡುಗಳ ಇಂಗ್ಲಿಷನ್ನು ಅವರ ಬೆನ್ನ ಹಿಂದೆಯೇ ಅಣಕಿಸಿ, ಪ್ರವಾಸಿಗರನ್ನು ನಗಿಸಿ ಹೊಟ್ಟೆ ಹೊರೆಯುತ್ತಿದ್ದೆ. ಯಾವನೋ ಪ್ರವಾಸಿ ನಿನ್ನ ಲಾಡ್ಜಿನಲ್ಲಿ ಬಿಟ್ಟುಹೋದ ಸ್ಕೇಟ್‌ಬೋರ್ಡನ್ನು ತೆಗೆದುಕೊಂಡು ಬೆಳಗ್ಗೆ ಕಮಲಾಪುರದ ರಸ್ತೆಯಲ್ಲಿ ಇಬ್ಬರೂ ಕಲಿತೆವು. ನನಗೆ ಎರಡು ತಿಂಗಳು ಹಿಡಿದದ್ದು ನಿನಗೆ ಒಂದು ವಾರ.

"ಎಮ್ಮಿ ಬೆನ್ನಮ್ಯಾಲೆ ನಿಂತು ರೂಢಿ ಐತಲ್ಲಲೇ ನಿನಗ," ಎಂದಿದ್ದೆ ನಾನು.

"ಎಮ್ಮಿ ಬೀಳಸ್ತಿತ್ತು ಖರೆ, ಆದ್ರ ನಿನ್ನಂಗ ಒದರ್ತಿದ್ದಿಲ್ಲ ಬಿಡಲೇ ರೇಡಿಯೋ," ಎಂದೆ ನೀನು. ಆ ಹೆಸರು ನನಗೆ ಅಂಟಿದ್ದು ಅವತ್ತೇ.

ಆಮೇಲೆ ಗೋವಾದ ರೈಲು. ಪಣಜಿಯಲ್ಲಿ ಸಮುದ್ರದ ಪಕ್ಕದಲ್ಲೇ ನುಣುಪಾದ ರಸ್ತೆಗಳಿವೆ, ಅಲ್ಲಿ ಇದನ್ನು ಕಲಿಸಿ ಬದುಕುವವರಿದ್ದಾರೆ ಎಂದು ಯಾರೋ ಹೇಳಿದ್ದರು. ಕಲಿಸಿ ಬದುಕುವುದು ಹಾಗಿರಲಿ, ಬದುಕುವುದೇ ಒಂದು ವಿದ್ಯೆಯಾಯಿತು. ತಗಡಿನ ಮಾಡಿನ ಒಂದು ಕೋಣೆ, ಹಗಲು ಕಾವಿಗೆ ಒಳಗೆ ಕಾಲಿಡುವಂತಿಲ್ಲ. ನಿಮ್ಮವ್ವ ಕೊಟ್ಟ ಅಕ್ಕಿ ಚೀಲ, ನಮ್ಮವ್ವ ಕುಟ್ಟಿದ ಶೇಂಗಾ ಚಟ್ನಿಪುಡಿ — ಕಡಲ ಊರಿನಲ್ಲಿ ಕೂತು ವಾರಗಟ್ಟಲೆ ಮೀನಿನ ವಾಸನೆ ಮಾತ್ರ ಉಂಡೆವು. ಇಬ್ಬರಿಗೂ ಒಂದೇ ಬೋರ್ಡು, ಬೆಳಗ್ಗೆ ನಿನಗೆ, ಸಂಜೆ ನನಗೆ. ಮರಳು ಗಾಲಿಯೊಳಗೆ ಹೋಗುತ್ತಿತ್ತು, ಉಪ್ಪುಗಾಳಿ ಬೇರಿಂಗಿಗೆ ತುಕ್ಕು ಹಿಡಿಸುತ್ತಿತ್ತು. ನೀನು ಅವನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿ ಒಂದೊಂದೇ ಗುಂಡನ್ನು ಒರೆಸುತ್ತಿದ್ದೆ. ಹರಿದ ಬೂಟಿಗೆ ಸೈಕಲ್ ಟ್ಯೂಬಿನ ತೇಪೆ. ನಾನು ಬೀಚಿನಲ್ಲಿ ದನಿಗಳನ್ನು ಮಾರುತ್ತಿದ್ದೆ, ನೀನು ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ದಣಿವೆಂದರೆ ಏನೆಂದು ನಾನು ಕಲಿತದ್ದು ಅಲ್ಲಿ. ಆದರೂ ನಗುತ್ತಿದ್ದೆವು, ಅಲ್ಲವೇ?

ಫೋನಿನ ಏರ್ಪಾಡು ನೀನೇ ಮಾಡಿದ್ದು. ನಿನ್ನ ಹಿಂದಿ ಎರಡನೆಯ ಮಾತಿಗೇ ಮುಗ್ಗರಿಸುತ್ತಿತ್ತು. "ಲೇ, ನನ್ನ ಫೋನು ನೀನ ಎತ್ತು. ನನ್ನಂಗ ಮಾತಾಡು. ನನಗ ಹಿಂದಿ ಅಂದ್ರ ನಾಲಿಗಿ ಹಗ್ಗ ಆಕ್ಕೈತಿ," ಎಂದೆ. ನಾನು ಎತ್ತುತ್ತಿದ್ದೆ. ನಿನ್ನ ಸಣ್ಣ ಕೆಮ್ಮು, ಮಾತಿಗೆ ಮುಂಚಿನ ಆ ತಡವರಿಕೆ, ತಗ್ಗಿದ ದನಿ. ಹೋಟೆಲಿನ ಮ್ಯಾನೇಜರನಿಗೆ ರಜೆ ಕೇಳಿದ ಬಸವರಾಜ ನಾನೇ, ಮನೆ ಮಾಲೀಕನಿಗೆ ಇನ್ನೆರಡು ದಿನ ತಡೀರಿ ಎಂದ ಬಸವರಾಜನೂ ನಾನೇ. ನಿನ್ನ ಬದಲು ಮಾತಾಡುವುದು ನನಗೆ ಎಷ್ಟು ಸಲೀಸಾಯಿತೆಂದರೆ — ನನ್ನದೂ ನಿನ್ನದೂ ಬೇರೆ ಎಂಬುದೇ...

ಇಲ್ಲ. ಬೇರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಶಾಲೆಯಲ್ಲಿ ಕಲಿಸುವವನೊಬ್ಬ ಬೇಕಿದ್ದಾನೆಂದು ತಿಳಿದು ಇಬ್ಬರೂ ಹೋದೆವು. ನಾನು ಬೀಳಲಿಲ್ಲ, ಬೀಳುವಂಥದ್ದೇನನ್ನೂ ಮಾಡಲಿಲ್ಲ. ನೀನು ಸಿಮೆಂಟಿನ ಇಳಿಜಾರಿನ ತುದಿಯಿಂದ ಬೋರ್ಡಿನ ಸಮೇತ ಹಾರಿ, ತಿರುಗಿ, ಕೊನೆಯಲ್ಲಿ ಬಿದ್ದೆ. ಮಕ್ಕಳೆಲ್ಲ ಹೋ ಎಂದರು. ಮೊಣಕೈಯ ರಕ್ತ ಒರೆಸಿಕೊಂಡು ಎದ್ದು, ಹೇಗೆ ಬಿದ್ದರೆ ಪೆಟ್ಟು ಕಡಿಮೆ ಎಂದು ಆ ಮಕ್ಕಳಿಗೇ ಬಿದ್ದು ಬಿದ್ದು ತೋರಿಸಿದೆ.

ಮೂರನೆಯ ದಿನ ಫೋನು. ನೀನು ಹೊರಗೆ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಶಾಲೆ ನಡೆಸುವ ಮೇಡಂ ಹಿಂದಿಯಲ್ಲಿ ಹೇಳಿದರು: ಸೋಮವಾರದಿಂದ ಬಾ, ಮೇಲಿನ ಕೋಣೆಯಲ್ಲಿ ಒಬ್ಬರಿಗೆ ಜಾಗವಿದೆ, ಊಟವೂ ಅಲ್ಲೇ.

ನಾನು ಕೆಮ್ಮಿದೆ. ನಿನ್ನ ಕೆಮ್ಮು. "ಬೇಡ ಮೇಡಂ. ನಾನು ಊರಿಗೆ ಹೋಗುತ್ತಿದ್ದೇನೆ."

ಆಕೆ ಕೂಡಲೇ ಇಡಲಿಲ್ಲ. "ಯೋಚನೆ ಮಾಡು. ಬಂದವರೆಲ್ಲ ತಮ್ಮ ಆಟ ತೋರಿಸಿ ಹೋದರು. ಬಿದ್ದ ಮೇಲೆ ಮಕ್ಕಳ ಕಡೆ ನೋಡಿದವನು ನೀನೊಬ್ಬನೇ," ಎಂದರು. ನಾನು ಮತ್ತೊಮ್ಮೆ ಬೇಡ ಎಂದೆ. ಎರಡು ಸಲ, ಬಸ್ಯಾ. ಒಂದು ಸಲವಾಗಿದ್ದರೆ ಬಾಯಿ ತಪ್ಪಿತು ಎನ್ನಬಹುದಿತ್ತು.

"ಯಾರ್ದಲೇ ಫೋನು?" ಎಂದು ನೀನು ನಲ್ಲಿಯಿಂದಲೇ ಕೂಗಿದೆ.

"ಸಿಮ್ ಕಂಪನಿ ಅಕ್ಕಂದು. ನಿನ್ನ ಮದುವಿ ಆಗ್ತಾಳಂತ," ಎಂದು ಆ ಅಕ್ಕನ ದನಿಯನ್ನೂ ತೆಗೆದು ತೋರಿಸಿದೆ. ನೀನು ಕೈಯೆಲ್ಲ ಸೋಪಿನ ನೊರೆ ಮಾಡಿಕೊಂಡು ನಕ್ಕೆ. ಆ ನಗು —

ಆಮೇಲೆ ಹತ್ತು ದಿನ ಕಾದೆ ನೀನು. ಸಿಗ್ನಲ್ ಸಿಗುವ ಕಿಟಕಿಯ ಮೇಲೆ ಫೋನಿಟ್ಟು ಎದುರಿಗೇ ಕೂರುತ್ತಿದ್ದೆ. ಅದು ಬಡಿದುಕೊಂಡಾಗಲೆಲ್ಲ ಹಾರಿಹೋಗಿ ತಂದು ನನ್ನ ಕೈಗೇ ಕೊಡುತ್ತಿದ್ದೆ. ಒಮ್ಮೆ ಹೋಗಿ ಕೇಳಿಕೊಂಡು ಬರೋಣವೇ ಎಂದು ನೀನು ಕೇಳಿದಾಗ, "ಆಗಿದ್ರ ಅವರ ಫೋನ್ ಮಾಡ್ತಿದ್ರಲೇ, ಮರ್ಯಾದಿ ಕಳ್ಕೋಬ್ಯಾಡ," ಎಂದವನೂ ನಾನೇ. ಹನ್ನೊಂದನೆಯ ದಿನ ಬೋರ್ಡನ್ನು ನನ್ನ ಕಡೆ ತಳ್ಳಿ, "ತಗೋ, ಎರಡೂ ಹೊತ್ತು ನಿಂದ," ಎಂದು ರೈಲು ಹತ್ತಿದೆ.

ಏಕೆ ಮಾಡಿದೆ? ಬಾಡಿಗೆ ಒಬ್ಬನೇ ಕಟ್ಟಲಾರೆ ಎಂದು ಮಾಡಿದೆ ಅಂತ ಬಹಳ ವರ್ಷ ನಂಬಿಕೊಂಡಿದ್ದೆ. ಆದರೆ ನೀನು ಹೋದ ತಿಂಗಳೇ ಬೇರೆ ಇಬ್ಬರನ್ನು ಕೋಣೆಗೆ ಸೇರಿಸಿಕೊಂಡೆ, ಏನೂ ತೊಂದರೆಯಾಗಲಿಲ್ಲ. ಒಬ್ಬನೇ ಆಗುತ್ತೇನೆಂಬ ಭಯ ಎಂದುಕೊಂಡೆ. ಅದೂ ಪೂರ್ತಿ ನಿಜವಲ್ಲ. ಅವರು ನನ್ನನ್ನು ಕರೆಯಲಿಲ್ಲ — ಅಷ್ಟೇ. ಯಾರ ದನಿಯನ್ನಾದರೂ ತೆಗೆಯುವ ನಾನು, ನೀನು ಬೋರ್ಡಿನ ಮೇಲೆ ನಿಲ್ಲುವ ಹಾಗೆ ನಿಲ್ಲಲಾರದೆ ಹೋದೆ. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಹುಡುಕುತ್ತ ಏಳು ವರ್ಷ ಕಳೆದೆ.

ಹೋದ ತಿಂಗಳು ಕಂಪ್ಲಿಯ ಮದುವೆಯಲ್ಲಿ ಹುಡುಗರು ನನ್ನ ಕೈಗೆ ಮೈಕು ಕೊಟ್ಟು ಬಸ್ಯಾನ ಐಟಂ ಮಾಡು ಎಂದರು. ನೀನು ಎದುರಿಗೇ ಕೂತಿದ್ದೆ. ನಾನು ನಿನ್ನ ಕೆಮ್ಮು ಕೆಮ್ಮಿ, ಪಣಜಿಯಲ್ಲಿ ನೀನು ಬಿದ್ದ ಹಾಗೆ ಬಿದ್ದು ತೋರಿಸಿದೆ. ಪೆಂಡಾಲೆಲ್ಲ ನಕ್ಕಿತು. ನೀನೂ ನಕ್ಕು, ಪಕ್ಕದವನಿಗೆ, "ಭಾಳ ಆಸಿ ಇಟ್ಕೊಂಡಿದ್ದೆ ನೋಡಪಾ. ನಾ ಅಷ್ಟಕ್ಕ ಮುಟ್ಟಿದಾವಲ್ಲ. ಒಂದ್ ಫೋನೂ ಮಾಡ್ಲಿಲ್ಲ ಅವ್ರು," ಎಂದೆ. ದೂರಿನ ಸುಳಿವೂ ಇರಲಿಲ್ಲ. ಎಂದೋ ತೀರ್ಮಾನವಾಗಿಹೋದ ಸಂಗತಿಯನ್ನು ಹೇಳುವ ಹಾಗೆ ಹೇಳಿದೆ. ನಿನ್ನ ಕೆಲಸವನ್ನಷ್ಟೇ ಕಸಿದೆ ಎಂದುಕೊಂಡಿದ್ದೆ ನಾನು. ನಿನ್ನ ಬಗ್ಗೆ ನಿನಗೇ ಒಂದು ಸುಳ್ಳನ್ನು ನಂಬಿಸಿದ್ದೇನೆಂದು ಆವರೆಗೆ ಹೊಳೆದೇ ಇರಲಿಲ್ಲ. ಮೈಕು ಕೆಳಗಿಟ್ಟೆ. ಗಂಟಲು ಕಟ್ಟಿದೆ ಎಂದೆ. ಯಾರೂ ನಂಬಲಿಲ್ಲ.

ಮೊನ್ನೆ ಆ ಮೇಡಂಗೆ ಫೋನು ಮಾಡಿದೆ. ಶಾಲೆ ಇನ್ನೂ ನಡೆಯುತ್ತಿದೆ. ನಾನು ಯಾರು, ಅವತ್ತು ಏನು ಮಾಡಿದೆ, ಎಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಕೆಲಸವಿದೆ ಎಂದೂ ಹೇಳಲಿಲ್ಲ. ನಾನು ಅಂಥ ಆಸೆ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಆಕೆಯ ನಂಬರು ಈ ಹಾಳೆಯ ಹಿಂಬದಿಯಲ್ಲಿದೆ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ಪಕ್ಕದಲ್ಲಿ ನಿಂತಿರುತ್ತೇನೆ. ನೀನು ಏನಂದರೂ ಸರಿ. ಏನೂ ಅನ್ನದೆ ಗಾಡಿ ಹತ್ತಿ ಹೋದರೂ ಸರಿ.

ಮೇಡಂ ಫೋನಿಡುವ ಮುಂಚೆ ಒಂದೇ ಮಾತು ಕೇಳಿದರು: "ಆ ಹುಡುಗ ಈಗಲೂ ಬೋರ್ಡಿನ ಮೇಲೆ ನಿಲ್ಲುತ್ತಾನಾ?"

ಅವನನ್ನೇ ಕೇಳಿ ಎಂದೆ.